ಊದಿ ಸಾರ್: ಕುಡಿದು ಗಾಡಿ ಓಡಿಸಿದವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಯಾರೋ ರಾತ್ರಿ ಸಿಕ್ಕಿಬಿದ್ದಿದ್ದಾರೆ, ಯಾರೋ ಸಿಕ್ಕಿಬೀಳಬಾರದು ಅಂತ ಉಪಾಯ ಕೇಳುತ್ತಿದ್ದಾರೆ. ಉಪಾಯ ಕೇಳಿದವರಿಗೂ ಉತ್ತರ ಇದೆ, ಆದರೆ ಅವರಿಗೆ ಹಿಡಿಸಲಿಕ್ಕಿಲ್ಲ.

ಶನಿವಾರ ರಾತ್ರಿ ಗೆಳೆಯನ ಬರ್ತ್‌ಡೇ ಇತ್ತು. ನಾನು ಕುಡಿದದ್ದು ಒಂದೇ ಒಂದು ಪೈಂಟ್ ಸ್ಟ್ರಾಂಗ್ ಬಿಯರ್. ಬೈಕ್ ನೆಟ್ಟಗೇ ಓಡಿಸ್ತಿದ್ದೆ. ಬ್ಯಾರಿಕೇಡ್ ಹತ್ರ ಊದಿಸಿದರು, ಮಷೀನಲ್ಲಿ 42 ಬಂತು. ಬೈಕ್ ಇಟ್ಕೊಂಡ್ರು, ಡಿಎಲ್ ತಗೊಂಡ್ರು, ಕೋರ್ಟಿಗೆ ಹೋಗಿ ಅಂದ್ರು. ಅಲ್ಲೇ ಫೈನ್ ಕಟ್ತೀನಿ ಅಂದ್ರೂ ಕೇಳಲಿಲ್ಲ. ಇದು ಅನ್ಯಾಯ ಅಲ್ವಾ?
— ಓದುಗ, ರಾಜಾಜಿನಗರ, ಬೆಂಗಳೂರು

ಅಲ್ಲ. ನೀವು ನೆಟ್ಟಗೆ ಓಡಿಸ್ತಿದ್ದಿರೋ ಸೊಟ್ಟಗೆ ಓಡಿಸ್ತಿದ್ದಿರೋ ಅಂತ ಕಾನೂನು ಕೇಳುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ನೋಡುವುದು ಒಂದೇ ಸಂಖ್ಯೆಯನ್ನು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದೆಯಾ, ಇಲ್ಲವಾ? 42 ಅಂದರೆ ಇದೆ. ಇಂಗ್ಲೆಂಡಿನಲ್ಲಿ ಈ ಮಿತಿ 80, ಸ್ಕಾಟ್ಲೆಂಡಿನಲ್ಲಿ 50. ಅಲ್ಲಿ ನೀವು ಪಾರಾಗುತ್ತಿದ್ದಿರಿ, ಆದರೆ ನೀವು ಇದ್ದದ್ದು ರಾಜಾಜಿನಗರದಲ್ಲಿ.

ಸ್ಪಾಟ್ ಫೈನ್ ಯಾಕಿಲ್ಲ ಅನ್ನುವುದು ಒಳ್ಳೆಯ ಪ್ರಶ್ನೆ. ಹೆಲ್ಮೆಟ್ ಇಲ್ಲ, ಸಿಗ್ನಲ್ ಹಾರಿಸಿದಿರಿ ಅಂದರೆ ಪೊಲೀಸರೇ ದಂಡ ಕಟ್ಟಿಸಿಕೊಂಡು ಕೇಸು ಮುಗಿಸಬಹುದು. ಹಾಗೆ ರಸ್ತೆಯಲ್ಲೇ ಮುಗಿಸಬಹುದಾದ ತಪ್ಪುಗಳ ಪಟ್ಟಿ 200ನೇ ಸೆಕ್ಷನ್‌ನಲ್ಲಿದೆ, 185 ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಎಸ್‌ಐ ಅಲ್ಲ, ಡಿಸಿಪಿಯೇ ಬಂದು ನಿಂತರೂ ನಿಮ್ಮಿಂದ ಅಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಹಾಗಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆಯೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲದ ದಂಡ 2,000 ದಾಟುತ್ತಿರಲಿಲ್ಲ. ದಂಡ ಏರಿದಾಗ ಜನ ಬೊಬ್ಬೆ ಹೊಡೆದರು. ನಮ್ಮ ರಾಜ್ಯ ಸರ್ಕಾರ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು, ಆದರೆ ಕುಡಿತದ್ದು ಇಳಿಯಲಿಲ್ಲ. ಪೊಲೀಸರು ಕಟ್ಟಿಸಿಕೊಳ್ಳುವ ದಂಡವನ್ನು ಮಾತ್ರ ರಾಜ್ಯ ಇಳಿಸಬಹುದು, ಇದು ಕೋರ್ಟಿನದು. 2023ರ ಫೆಬ್ರವರಿಯಲ್ಲಿ ಶೇ. 50 ರಿಯಾಯಿತಿ ಅಂತ ಜನ ಸಾಲು ನಿಂತರಲ್ಲ, ಅದು ಬಾಕಿ ಇದ್ದ ಇ-ಚಲನ್‌ಗಳಿಗೆ. ನಿಮ್ಮ ಕೇಸಿಗೆ ಅಂಥ ಆಫರ್ ಬರುವುದಿಲ್ಲ, ಕಾಯಬೇಡಿ.

ದಂಡಕ್ಕಿಂತ ಡಿಎಲ್ ಕಡೆ ನಿಮ್ಮ ಗಮನ ಇರಲಿ. ಅದು ಆರ್‌ಟಿಒಗೆ ಹೋಗುತ್ತದೆ. ಕುಡಿದು ಓಡಿಸಿದವರ ಡಿಎಲ್ ಕನಿಷ್ಠ 3 ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಕೋರ್ಟಿನಲ್ಲಿ ಶಿಕ್ಷೆ ಆದರೆ 20ನೇ ಸೆಕ್ಷನ್ ಪ್ರಕಾರ ಕನಿಷ್ಠ 6 ತಿಂಗಳ ಅನರ್ಹತೆ. ಆ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ ಮತ್ತೆ 10,000, ಜೊತೆಗೆ 3 ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಎಷ್ಟೋ ಜನ ದಂಡ ಕಟ್ಟಿ, ಗಾಡಿ ಬಿಡಿಸಿಕೊಂಡು, ಮುಗೀತು ಅಂತ ಮಾರನೇ ದಿನದಿಂದಲೇ ಓಡಿಸುತ್ತಾರೆ. ಮುಗಿದಿರುವುದಿಲ್ಲ.

ನಾನು ಊದಲ್ಲ ಅಂದ್ರೆ ಏನ್ ಮಾಡ್ತಾರೆ? ನನ್ನ ಬಾಯಿ, ನನ್ನ ಇಷ್ಟ.
— ಹೆಸರು ಬೇಡ, ಮೈಸೂರು

ಬಾಯಿ ನಿಮ್ಮದೇ, ಇಷ್ಟ ಮಾತ್ರ ನಿಮ್ಮದಲ್ಲ.

203ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಅನುಮಾನಕ್ಕೆ ಕಾರಣ ಇದ್ದರೆ, ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸುತ್ತಿರುವವರನ್ನು ಊದಿ ಅಂತ ಕೇಳಬಹುದು. ಓಡಿಸಲು ಹೊರಟವರನ್ನೂ ಕೇಳಬಹುದು, ಅಂದರೆ ಬಾರ್ ಮುಂದೆ ಕೀ ತಿರುಗಿಸುತ್ತಿರುವವರನ್ನೂ. ಊದಲ್ಲ ಅಂದರೆ, ನಿಮ್ಮ ಮೇಲೆ ಅನುಮಾನವೂ ಇದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಆಮೇಲೆ ಠಾಣೆ, ಅಲ್ಲಿ 204ನೇ ಸೆಕ್ಷನ್ ಪ್ರಕಾರ ನೋಂದಾಯಿತ ವೈದ್ಯರಿಂದ ರಕ್ತದ ಮಾದರಿ. ಸರಿಯಾದ ಕಾರಣ ಇಲ್ಲದೆ ಅದನ್ನೂ ಬೇಡ ಅಂದರೆ, ನಿಮ್ಮ ನಿರಾಕರಣೆಯೇ ನಿಮ್ಮ ವಿರುದ್ಧ ಸಾಕ್ಷಿಗೆ ಬಲ ಕೊಡುತ್ತದೆ ಅಂತ 205 ಹೇಳುತ್ತದೆ. ಒಟ್ಟಿನಲ್ಲಿ ಊದದೆ ಗೆದ್ದ ಹಾಗೆ ಕಾಣುವುದು ಒಂದು ಹತ್ತು ನಿಮಿಷ ಮಾತ್ರ.

ಪೊಲೀಸರಿಗೂ ಇಲ್ಲಿ ಗಡುವು ಇದೆ. 185ರಲ್ಲಿ ಬಂಧಿಸಿದರೆ 2 ಗಂಟೆಯೊಳಗೆ ಪರೀಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ಬಿಟ್ಟು ಕಳಿಸಬೇಕು. ಇದು 202ನೇ ಸೆಕ್ಷನ್‌ನಲ್ಲೇ ಇದೆ. ಬಂಧನ ಎಷ್ಟು ಹೊತ್ತಿಗೆ ಅಂತ ಬರೆಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಊದುವಾಗ ನೋಡಬೇಕಾದದ್ದು. ಪೊಲೀಸರು ಸಾಮಾನ್ಯವಾಗಿ ಮೊದಲು ನಿಮ್ಮನ್ನು ಮಾತಾಡಿಸುತ್ತಾರೆ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಅಂತ. ನಿಮ್ಮ ಊರಿನ ಮೇಲೆ ಅವರಿಗೇನೂ ಆಸಕ್ತಿ ಇಲ್ಲ, ಮೂಗಿಗೆ ಕೆಲಸ ಕೊಡುತ್ತಿರುತ್ತಾರೆ ಅಷ್ಟೇ. ವಾಸನೆ ಬಂತು ಅನ್ನಿಸಿದರೆ ಮಷೀನ್ ಬರುತ್ತದೆ. ಅದರ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಹೊಸದಿರಲಿ, ಕವರ್ ನಿಮ್ಮ ಕಣ್ಣ ಮುಂದೆಯೇ ಒಡೆಯಲಿ. ಕೇಳಿದರೆ ಕೊಡುತ್ತಾರೆ, ಜಗಳ ಮಾಡಬೇಕಾಗಿಲ್ಲ. ಊದುವ ಮುಂಚೆ ಪರದೆ ಮೇಲೆ ಸೊನ್ನೆ ಇದೆಯಾ ನೋಡಿ. ಬೀಪ್ ನಿಲ್ಲುವವರೆಗೆ ಒಂದೇ ಉಸಿರಲ್ಲಿ ಊದಬೇಕು, ಯಾಕೆಂದರೆ ಮಷೀನಿಗೆ ಬೇಕಾದ್ದು ಶ್ವಾಸಕೋಶದ ತಳದ ಗಾಳಿ. ಕೆನ್ನೆ ಉಬ್ಬಿಸಿ ಪುಸ್ ಅಂದರೆ ಅದು ಎರರ್ ತೋರಿಸುತ್ತದೆ, ನಿಮ್ಮನ್ನು ಮತ್ತೆ ಊದಿಸುತ್ತಾರೆ, ಅಷ್ಟರಲ್ಲಿ ಹಿಂದೆ ನಿಂತ ಆಟೋದವರೂ ಬೈಯ್ಯೋಕೆ ಶುರು ಮಾಡಿರುತ್ತಾರೆ. ಪ್ರಿಂಟ್ ಆದ ಚೀಟಿಗೆ ಸಹಿ ಹಾಕುವ ಮುಂಚೆ ಸಮಯ, ಸಂಖ್ಯೆ, ಗಾಡಿ ನಂಬರ್ ಓದಿ. ಗಾಡಿ ಇಟ್ಟುಕೊಂಡರೆ ಅದಕ್ಕೆ ರಸೀದಿ, ಡಿಎಲ್ ತಗೊಂಡರೆ ಅದಕ್ಕೂ ರಸೀದಿ. ಡಿಕ್ಕಿಯಲ್ಲಿ ಲ್ಯಾಪ್‌ಟಾಪ್, ದುಡ್ಡು ಇದ್ದರೆ ಆಗಲೇ ತೆಗೆದುಕೊಳ್ಳಿ. ಮರುದಿನ ಠಾಣೆಗೆ ಹೋಗಿ ಇತ್ತು, ಇರಲಿಲ್ಲ ಅಂತ ವಾದ ಮಾಡುವುದು ಯಾರಿಗೂ ಬೇಡ.

ಕಾರಲ್ಲಿ ನನ್ನ ಹೆಂಡತಿ ಇದ್ದಳು. ಅವಳು ಕುಡಿಯಲ್ಲ, ಡಿಎಲ್ ಇದೆ. ಆದ್ರೂ ಕಾರು ಠಾಣೆಗೆ ತಗೊಂಡು ಹೋದ್ರು. ಅವಳ ಕೈಲಿ ಕೊಡಬಹುದಿತ್ತಲ್ಲ?
— ಓದುಗ, ಬಳ್ಳಾರಿ

ಕೊಡಬಹುದಿತ್ತು, ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. 2021ರ ನವೆಂಬರ್‌ನಲ್ಲಿ ತೆಲಂಗಾಣ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಚಾಲಕ ಕುಡಿದಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಗಾಡಿ ಜಪ್ತಿ ಮಾಡುವ ಹಾಗಿಲ್ಲ. ಜೊತೆಯಲ್ಲಿ ಕುಡಿಯದ, ಡಿಎಲ್ ಇರುವವರು ಇದ್ದರೆ ಅವರಿಗೆ ಕೊಡಿ. ಇಲ್ಲವಾದರೆ ಮನೆಯವರನ್ನು ಕರೆಸಿ. ಯಾರೂ ಬರದಿದ್ದರೆ ಮಾತ್ರ ಸುರಕ್ಷಿತವಾಗಿ ಇಟ್ಟುಕೊಂಡು ಆಮೇಲೆ ವಾಪಸ್ ಕೊಡಿ. ಆ ತೀರ್ಪು ನಮ್ಮ ರಾಜ್ಯದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ನಿಮ್ಮ ವಕೀಲರು ಮ್ಯಾಜಿಸ್ಟ್ರೇಟ್ ಮುಂದೆ ಅದನ್ನು ಇಡಬಹುದು. ಅಷ್ಟಕ್ಕೂ ಪಕ್ಕದಲ್ಲಿ ಕುಡಿಯದ, ಡಿಎಲ್ ಇರುವ ಹೆಂಡತಿ ಕೂತಿದ್ದಾಗ ಸ್ಟೀರಿಂಗ್ ನೀವ್ಯಾಕೆ ಹಿಡಿದಿರಿ ಸ್ವಾಮಿ? ಇದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲ.

ಎಷ್ಟು ಪೆಗ್‌ವರೆಗೆ ಸೇಫ್? ನೇರವಾಗಿ ಹೇಳಿ.
— ಓದುಗ, ತುಮಕೂರು

ನೇರವಾಗಿ ಹೇಳಿದರೆ, ಗಾಡಿ ತಂದಿದ್ದರೆ ಸೊನ್ನೆ. ಲೆಕ್ಕ ಬೇಕಾ? ತಗೊಳ್ಳಿ.

ನಮ್ಮ ಬ್ರಾಂದಿ, ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 42.8 ಇರುತ್ತದೆ. 30 ಮಿ.ಲೀ. ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. 70 ಕೆ.ಜಿ. ತೂಕದ ಗಂಡಸು ಒಂದು ಲಾರ್ಜ್, ಅಂದರೆ 60 ಮಿ.ಲೀ. ಬೇಗ ಕುಡಿದರೆ ಅಂದಾಜು 40 ದಾಟುತ್ತದೆ. ನೈಂಟಿ ಹಾಕಿದರೆ 60ರ ಮೇಲೆ. ಕ್ವಾರ್ಟರ್, ಅಂದರೆ 180 ಮಿ.ಲೀ. ಖಾಲಿ ಮಾಡಿದರೆ 120ರ ಆಚೆ. ತೂಕ ಕಡಿಮೆ ಇದ್ದವರಿಗೆ ಇನ್ನೂ ಏರುತ್ತದೆ, ಹೆಂಗಸರಿಗೆ ಅದೇ ತೂಕದಲ್ಲೂ ಜಾಸ್ತಿ ಏರುತ್ತದೆ. ಖಾಲಿ ಹೊಟ್ಟೆಯಾದರೆ ಬೇಗ, ಊಟ ಆಗಿದ್ದರೆ ನಿಧಾನ. ಹೀಗಾಗಿ ನಿಮ್ಮ ಪಕ್ಕ ಕೂತು ಅಷ್ಟೇ ಕುಡಿದವನಿಗೆ 28 ಬಂದು, ನಿಮಗೆ 45 ಬಂದರೆ ಮಷೀನ್ ಕೆಟ್ಟಿದೆ ಅಂತಲ್ಲ.

ಇಳಿಯುವುದು ಗಂಟೆಗೆ ಸುಮಾರು 15ರಂತೆ. ಯಕೃತ್ತು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ನೀವು ಅವಸರ ಮಾಡಿದರೆ ಕೇಳುವುದಿಲ್ಲ. ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ ಇವೆಲ್ಲ ನಿದ್ದೆ ಬಿಡಿಸಬಹುದು, ಸಂಖ್ಯೆ ಇಳಿಸುವುದಿಲ್ಲ. ಏಲಕ್ಕಿ, ಪುದೀನ ಮಾತ್ರೆ, ಜರ್ದಾ ಬೀಡಾ ಪೊಲೀಸರ ಮೂಗಿಗೆ ಮೋಸ ಮಾಡಬಹುದು, ಮಷೀನಿಗೆ ಆಗಲ್ಲ. ಹಾಗೆ ನೋಡಿದರೆ ರಾತ್ರಿ ಹನ್ನೊಂದಕ್ಕೆ ಘಮಘಮ ಏಲಕ್ಕಿ ವಾಸನೆ ಬಿಡುತ್ತಾ ಬರುವವರನ್ನೇ ಪೊಲೀಸರು ಮೊದಲು ನಿಲ್ಲಿಸುತ್ತಾರೆ.

ಈ ಲೆಕ್ಕದಲ್ಲಿ ಯಾರೂ ಯೋಚಿಸದ ಭಾಗ ಬೆಳಗ್ಗೆಯದು. ರಾತ್ರಿ 12ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು 30ಕ್ಕಿಂತ ಕೆಳಗೆ ಇಳಿಯಲು ಆರು, ಆರೂವರೆ ಗಂಟೆ ಬೇಕು. ಕ್ವಾರ್ಟರ್ ಮೇಲೆ ಒಂದು ಬಿಯರ್ ಬಿದ್ದಿದ್ದರೆ ಬೆಳಗ್ಗೆ ಎಂಟಕ್ಕೂ ಊದಿದರೆ ಸಿಕ್ಕಿಬೀಳುತ್ತಾನೆ. ಹಲ್ಲುಜ್ಜಿರುತ್ತಾನೆ, ತಿಂಡಿ ತಿಂದಿರುತ್ತಾನೆ, ನಾನು ಕುಡಿದೇ ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳುತ್ತಾನೆ. ಬೆಂಗಳೂರು ಟ್ರಾಫಿಕ್ ಪೊಲೀಸರು ಶಾಲಾ ವಾಹನಗಳನ್ನು ಬೆಳಗಿನ ಹೊತ್ತು ನಿಲ್ಲಿಸಿ ಚಾಲಕರನ್ನು ಊದಿಸಿದಾಗೆಲ್ಲ ಸಿಕ್ಕಿಬೀಳುವವರು ಇದ್ದೇ ಇರುತ್ತಾರೆ. ನಮ್ಮ ಮಕ್ಕಳು ಕೂತಿರುವ ಗಾಡಿ ಅದು! ರಾತ್ರಿ ಮೇನ್ ರೋಡಿನಲ್ಲಿ ಬ್ಯಾರಿಕೇಡ್ ಹಾಕುವುದರ ಅರ್ಧದಷ್ಟಾದರೂ ಈ ಬೆಳಗಿನ ತಪಾಸಣೆ ನಡೆಯಲಿ ಅಂತ ನನ್ನ ಆಸೆ.

ನಮ್ಮಪ್ಪ ದಿನಾ ಊಟ ಆದ್ಮೇಲೆ ದ್ರಾಕ್ಷಾರಿಷ್ಟ ಕುಡೀತಾರೆ. ಸ್ಕೂಟರಲ್ಲಿ ಹೋಗುವಾಗ ಹಿಡಿದರೆ?
— ಓದುಗಿ, ಶಿವಮೊಗ್ಗ

ಅರಿಷ್ಟ, ಆಸವಗಳಲ್ಲಿ ಹುಳಿ ಬರುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಆದರೆ ನಾಲ್ಕು ಚಮಚದಲ್ಲಿ ರಕ್ತಕ್ಕೆ ಸೇರುವುದು ಲೆಕ್ಕಕ್ಕಿಲ್ಲದಷ್ಟು. ತೊಂದರೆ ಬಾಯಿಯದು. ಕುಡಿದ ತಕ್ಷಣ ಊದಿದರೆ ಬಾಯಲ್ಲಿ ಉಳಿದದ್ದೇ ಮಷೀನಿನಲ್ಲಿ ಕಾಣುತ್ತದೆ. ಕೆಲವು ಮೌತ್‌ವಾಶ್, ಕೆಮ್ಮಿನ ಸಿರಪ್‌ಗಳೂ ಹಾಗೇ. ಬಾಯಿ ಮುಕ್ಕಳಿಸಿ 15 ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿ ಅಂತ ಕೇಳಲಿ. ಔಷಧಿಯಾದರೆ ಸಂಖ್ಯೆ ಬಿದ್ದುಹೋಗುತ್ತದೆ, ಎಣ್ಣೆಯಾದರೆ ಇಳಿಯುವುದಿಲ್ಲ. ಕೇರಳದ ಪಂದಳಂ ಬಸ್ ಡಿಪೋದಲ್ಲಿ 2025ರ ಜುಲೈನಲ್ಲಿ ಹಲಸಿನ ಹಣ್ಣು ತಿಂದ ಚಾಲಕರು ಊದಿದಾಗ ಮಷೀನ್ ಕುಡಿದಿದ್ದಾರೆ ಅಂತ ತೋರಿಸಿ ದೊಡ್ಡ ಸುದ್ದಿಯಾಯಿತು. ಕುಡಿಯದವರಿಗೇ ಹಣ್ಣು ಕೊಟ್ಟು ಊದಿಸಿ ನೋಡಿದ ಮೇಲೆ ಅವರು ಪಾರಾದರು. ಮಲೆನಾಡಿನವರು ನೆನಪಿಟ್ಟುಕೊಳ್ಳಿ. ಆದರೆ ಡಿಸೆಂಬರಿನಲ್ಲಿ ಹಲಸಿನ ಹಣ್ಣು ತಿಂದೆ ಅಂತ ಹೇಳಬೇಡಿ.

ಅಲ್ಲೇ ಒಬ್ಬರು ಪಕ್ಕಕ್ಕೆ ಕರೆದು "ಕೋರ್ಟಿಗೆ ಹೋದ್ರೆ ಹತ್ತು ಸಾವಿರ, ಇಲ್ಲೇ ಆದ್ರೆ ಮೂರು" ಅಂದ್ರು. ಕೊಟ್ಟು ಬಂದೆ. ರಸೀದಿ ಕೊಡಲಿಲ್ಲ. ಮುಂದೆ ಏನಾದ್ರೂ ತೊಂದರೆ ಇದ್ಯಾ?
— ಹೆಸರು ಬೇಡ, ಊರೂ ಬೇಡ

ಮೇಲೆ ಹೇಳಿದೆನಲ್ಲ, ಈ ತಪ್ಪಿಗೆ ರಸ್ತೆಯಲ್ಲಿ ಕಟ್ಟುವ ದಂಡ ಅಂತಲೇ ಇಲ್ಲ. ಇಲ್ಲದ ದಂಡಕ್ಕೆ ರಸೀದಿ ಎಲ್ಲಿಂದ ಬರಬೇಕು? ನೀವು ಕೊಟ್ಟದ್ದು ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವುದೂ ಅಪರಾಧವೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ ಇದೆ, ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಬೇಕು. ನಿಮ್ಮ ಪತ್ರ ಓದಿದರೆ ಬಲವಂತ ಏನೂ ಕಾಣಲಿಲ್ಲ, ಏಳು ಸಾವಿರ ಉಳಿಸಿದ ಖುಷಿ ಕಾಣಿಸಿತು. ಇಂಥ ವ್ಯಾಪಾರದಿಂದಲೇ ಉಳಿದ ಪೊಲೀಸರ ಮಾತಿಗೂ ಬೆಲೆ ಇಲ್ಲದಾಗಿದೆ. ಮುಂದಿನ ಸಲ "ಕೇಸ್ ಹಾಕಿ ಸಾರ್" ಅನ್ನಿ. ಪಕ್ಕಕ್ಕೆ ಕರೆದವರು ಹಿಂದೆ ಸರಿಯುತ್ತಾರೆ.

ನನ್ನ ಸ್ಕೂಟಿ ಗೆಳೆಯ ಓಡಿಸ್ತಿದ್ದ, ಅವನು ಕುಡಿದಿದ್ದ. ನಾನು ಹಿಂದೆ ಕೂತಿದ್ದೆ. ನಂಗೂ ಕೇಸಾ?
— ಓದುಗಿ, ಮಂಗಳೂರು

ಆಗಬಹುದು. 188ನೇ ಸೆಕ್ಷನ್ ಪ್ರಕಾರ 185ರ ತಪ್ಪಿಗೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಸುಮ್ನೆ ಹಿಂದೆ ಕೂತಿದ್ದಕ್ಕೆ ಅಲ್ಲ, ಕುಡಿದಿದ್ದಾನೆ ಅಂತ ಗೊತ್ತಿದ್ದೂ ಕೀ ಕೊಟ್ಟಿದ್ದಕ್ಕೆ.

ಕುಡಿದು ಓಡಿಸುವಾಗ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಬರುತ್ತಾ? ಮಷೀನಲ್ಲಿ ಊದದೇ ಇದ್ರೆ ಅವರು ಹೇಗೆ ಪ್ರೂವ್ ಮಾಡ್ತಾರೆ?
— ಓದುಗ, ಹುಬ್ಬಳ್ಳಿ

ಎರಡನೇ ಸಾಲು ಓದಿದ ಮೇಲೆ ನಿಮ್ಮ ಆತಂಕ ಅರ್ಥವಾಯಿತು. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಷೆ ಕಾರು ಅಪಘಾತವಾಯಿತು. ಊದಿಸಿರಲಿಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಆಸ್ಪತ್ರೆ ದಾಖಲೆಯಲ್ಲಿ ಮದ್ಯದ ವಾಸನೆ ಅಂತ ಇತ್ತು. ವಿಮಾ ಕಂಪನಿ ದುಡ್ಡು ಕೊಡಲ್ಲ ಅಂದಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮಾತನ್ನೇ ಒಪ್ಪಿತು. ಪರೀಕ್ಷೆ ನಡೆಯದಿದ್ದರೂ ಸುತ್ತಲಿನ ಸಂಗತಿಗಳಿಂದ ಕುಡಿತ ಸಾಬೀತು ಮಾಡಬಹುದು ಅಂದಿತು. ಹಾಗಾಗಿ ನಿಮ್ಮ ಕಾರಿನ ರಿಪೇರಿ ದುಡ್ಡು ಮರೆತುಬಿಡಿ. ಗಾಯಗೊಂಡ ಬೇರೆಯವರ ಪರಿಹಾರ ಕಂಪನಿ ಮೊದಲು ಕೊಟ್ಟರೂ ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟುಗಳು ಹೇಳಿವೆ. ಹೊಲ, ಮನೆ ಮಾರುವ ಪರಿಸ್ಥಿತಿ ಬರುವುದು ಇಲ್ಲೇ.

ಯಾರಾದರೂ ಸತ್ತರೆ 10,000ದ ಮಾತೇ ಇಲ್ಲ. ನಿರ್ಲಕ್ಷ್ಯದಿಂದ ಸಾವು ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 106ರಲ್ಲಿ 5 ವರ್ಷದವರೆಗೆ ಜೈಲು. ಕುಡಿದಿದ್ದರೆ ಅದಕ್ಕಿಂತ ಗಂಭೀರವಾದ 105, ಅಂದರೆ ಕೊಲೆಯಲ್ಲದ ನರಹತ್ಯೆಯ ಸೆಕ್ಷನ್ ಬೀಳಬಹುದು. 2006ರಲ್ಲಿ ಮುಂಬೈನ ಕಾರ್ಟರ್ ರೋಡಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಕೂಲಿಯವರು ಕಾರಿನಡಿ ಸತ್ತರು. ಆಗಿನ ಐಪಿಸಿಯಲ್ಲಿ ಇದನ್ನು ಬರೀ ನಿರ್ಲಕ್ಷ್ಯ ಅನ್ನಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿ 3 ವರ್ಷದ ಶಿಕ್ಷೆ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ ಅಂತ ನಿಮಗೂ ಅನ್ನಿಸಿರಬಹುದು. ನನಗೂ ಅನ್ನಿಸಿದೆ.

ನಮ್ ಕಡೆ ಯಾರೂ ಹಿಡಿಯೋದೇ ಇಲ್ಲ. ಸಂತೆ ದಿನ ಅರ್ಧ ಊರು ಕುಡಿದೇ ಟ್ರ್ಯಾಕ್ಟರ್, ಬೈಕ್ ಓಡಿಸ್ತಾರೆ. ಕಾನೂನು ಬೆಂಗಳೂರಿಗೆ ಮಾತ್ರಾನಾ?
— ಓದುಗ, ಹಾವೇರಿ ಜಿಲ್ಲೆ

ಕಾನೂನು ಎಲ್ಲ ಕಡೆಗೂ ಇದೆ. ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ, ಹಳ್ಳಿ ರಸ್ತೆಯೂ ಸಾರ್ವಜನಿಕ ಜಾಗವೇ. ಆದರೆ ನಿಮ್ಮ ಮಾತು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಒಂದು ಠಾಣೆಗೆ ಹತ್ತಾರು ಹಳ್ಳಿ. ಇರುವ ನಾಲ್ಕು ಜನ ಪೊಲೀಸರು ಜಾತ್ರೆ ಬಂದೋಬಸ್ತ್, ಬೇಲಿ ಜಗಳ, ಮಂತ್ರಿಗಳ ಪ್ರವಾಸ ಎಲ್ಲ ನೋಡಿಕೊಳ್ಳಬೇಕು. ಅದರ ಮೇಲೆ ಹಿಡಿದವನು ಯಾರದೋ ಅಳಿಯ ಆಗಿರುತ್ತಾನೆ, ಬೀಪ್ ನಿಲ್ಲುವ ಮುಂಚೆ ಫೋನ್ ಬರುತ್ತದೆ.

2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ಕಾಗದಪತ್ರ ನೋಡಲು ಗಾಡಿ ನಿಲ್ಲಿಸಬೇಡಿ, ಕುಡಿದು ಓಡಿಸುವವರನ್ನು ಹಿಡಿಯುವುದಕ್ಕೆ ಮಾತ್ರ ವಿನಾಯಿತಿ ಅಂದಿದ್ದರು. ಅಂದರೆ ಪೊಲೀಸರ ಕೈಯಲ್ಲಿ ಅಧಿಕಾರ ಇದೆ. ಇಲ್ಲದಿರುವುದು ರಸ್ತೆ ಮೇಲೆ ನಿಲ್ಲುವ ಜನ, ಮಷೀನು, ಮತ್ತೆ ಫೋನಿಗೆ ಹೆದರದ ಧೈರ್ಯ. ಸರ್ಕಾರ, ಕೋರ್ಟು ಬೇರೆ ದಾರಿಯನ್ನೂ ನೋಡಿದವು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಸಣ್ಣ ಊರುಗಳಿಗೆ ಅದು 220 ಮೀಟರ್ ಆಯಿತು. ಬೆಂಗಳೂರಿನ ಎಂ.ಜಿ. ರೋಡಿನ ಬಾರುಗಳೂ 2017ರ ಜುಲೈನಲ್ಲಿ ಬಾಗಿಲು ಹಾಕಿದವು, ಆಮೇಲೆ ನಗರದೊಳಗಿನ ರಸ್ತೆಗಳಿಗೆ ಸಡಿಲಿಕೆ ಸಿಕ್ಕಿ ಮತ್ತೆ ತೆರೆದವು. ಅಂಗಡಿ ಅರ್ಧ ಕಿಲೋಮೀಟರ್ ಒಳಗೆ ಹೋದರೆ ಕುಡಿಯುವವನು ಅರ್ಧ ಕಿಲೋಮೀಟರ್ ಜಾಸ್ತಿ ಗಾಡಿ ಓಡಿಸುತ್ತಾನೆ, ಅಷ್ಟೇ. 10,000 ದಂಡ ಅಂತ ಗೊತ್ತಿದ್ದೂ ಜನ ಓಡಿಸುವುದು ಸಿಕ್ಕಿಬೀಳಲ್ಲ ಅನ್ನುವ ನಂಬಿಕೆಯಿಂದ. ಸಂತೆ ದಿನ ಸಂಜೆ ಒಂದೊಂದು ಗಂಟೆ, ಯಾವ ವಾರ ಯಾವ ಕಡೆ ಅಂತ ಗೊತ್ತಾಗದ ಹಾಗೆ ನಿಂತರೆ ಸಾಕು. ಎಸ್‌ಪಿ ಕಚೇರಿಗೆ ನಿಮ್ಮ ಗ್ರಾಮ ಪಂಚಾಯಿತಿಯಿಂದ ಒಂದು ಮನವಿ ಬರೆಸಿ. ಒಬ್ಬರೇ ಬರೆದ ಅರ್ಜಿಗಿಂತ ಅದಕ್ಕೆ ತೂಕ ಜಾಸ್ತಿ. ರಸ್ತೆಯಲ್ಲಿ ಕಣ್ಣೆದುರೇ ಯಾರಾದರೂ ಓಲಾಡಿಕೊಂಡು ಹೋಗುತ್ತಿದ್ದರೆ 112ಕ್ಕೆ ಫೋನ್ ಮಾಡಿ.

ಡಿಸೆಂಬರ್ 31ಕ್ಕೆ ಬ್ರಿಗೇಡ್ ರೋಡ್ ಪ್ಲಾನ್ ಇದೆ. ಯಾವ ಫ್ಲೈಓವರ್ ಮೇಲೆ ಪೊಲೀಸ್ ಇರಲ್ಲ?
— ಓದುಗ, ಬೆಂಗಳೂರು

ಆ ರಾತ್ರಿ ಬಹುತೇಕ ಫ್ಲೈಓವರ್‌ಗಳನ್ನೇ ಮುಚ್ಚಿರುತ್ತಾರೆ. ಮೆಟ್ರೋ ಮಾತ್ರ ತಡರಾತ್ರಿವರೆಗೆ ಓಡುತ್ತದೆ, ಹೊರಡುವ ಮುಂಚೆಯೇ ವಾಪಸ್ ಬರುವ ಟಿಕೆಟ್ ತೆಗೆದಿಟ್ಟುಕೊಳ್ಳಿ.